ಸಂಪಿಗೆಯ ಎಲೆ ಹಳದಿಯಾದಾಗ



ಊರಿನ ಮನೆಗಳ ಮುಂದೆ, ಗೇಟಿನ ಮಗ್ಗುಲಲ್ಲಿ, ಒಂದು ಸಂಪಿಗೆ ಮರ ನಿಂತಿರುವುದು ನಮ್ಮ ಕಡೆ ಅಪೂರ್ವವೇನೂ ಅಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲಿಯೂ ಇದ್ದೀತು. ಒಂದು ದಿನ ಬೆಳಗ್ಗೆ ಅಂಗಳಕ್ಕೆ ಬಂದವರು ತಲೆಯೆತ್ತಿ ನೋಡುತ್ತೀರಿ. ಹಸಿರಾಗಿರಬೇಕಾದ ಎಲೆ ಹಳದಿಯಾಗಿದೆ. ಆಗ ನಾವು ಮಾಡುವುದೇನು? ಕೆಲವರು ಎರಡು ಬಿಂದಿಗೆ ನೀರನ್ನು ಹೆಚ್ಚಾಗಿ ಹೊಯ್ಯುತ್ತೇವೆ. ಕೆಲವರು ಅಂಗಡಿಯಿಂದ ಗೊಬ್ಬರ ತಂದು ಬುಡಕ್ಕೆ ಸುರಿಯುತ್ತೇವೆ. ಎರಡಕ್ಕೂ ಮರ ಬಗ್ಗದಿದ್ದರೆ ಕೊಡಲಿಯವನನ್ನು ಕರೆಯುತ್ತೇವೆ. ಈ ಮೂರರಲ್ಲಿ ಮೊದಲ ಎರಡನ್ನು ನಾನೇ ಮಾಡಿದ್ದೇನೆ. ಮೂರನೆಯದಕ್ಕೆ ಕೂಲಿ ಮಾತಾಡುವವರೆಗೂ ಹೋಗಿದ್ದೆ. ಆ ತಪ್ಪಿನ ಕಥೆಯನ್ನೂ ಅದರಿಂದ ಕಲಿತ ಪಾಠವನ್ನೂ ತಮ್ಮ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ನಾನು ತೋಟಗಾರಿಕೆ ಓದಿದವನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ಮೇಷ್ಟ್ರು. ಹಳಗನ್ನಡದ ಪದ್ಯವೊಂದನ್ನು ಹಲಗೆಯ ಮೇಲೆ ಬರೆದು ಅರ್ಥ ಕೇಳಿದರೆ, ಅವಸರದ ಹುಡುಗ ಒಂದೆರಡು ಪರಿಚಿತ ಪದಗಳನ್ನು ಹಿಡಿದುಕೊಂಡು ನೇರವಾಗಿ ತಾತ್ಪರ್ಯಕ್ಕೆ ಹಾರುತ್ತಾನೆ. "ಮೊದಲು ಪದ ಬಿಡಿಸು, ಆಮೇಲೆ ಅನ್ವಯ ಮಾಡು, ಕೊನೆಗೆ ತಾತ್ಪರ್ಯ ಹೇಳು" ಎಂದು ಇಪ್ಪತ್ತೆಂಟು ವರ್ಷಗಳಿಂದ ಗದರಿಸುತ್ತಾ ಬಂದವನು ನಾನು. ಅಂಥವನು ನನ್ನ ಮನೆಯ ಮರದ ವಿಷಯದಲ್ಲಿ ಆ ಅವಸರದ ಹುಡುಗನೇ ಆಗಿಬಿಟ್ಟೆ.

ಸಂಪಿಗೆಗೆ ಅಮರಕೋಶದಲ್ಲಿ ಚಾಂಪೇಯ, ಚಂಪಕ, ಹೇಮಪುಷ್ಪಕ ಎಂಬ ಹೆಸರುಗಳಿವೆ. ನಮ್ಮ ಹಳಗನ್ನಡ ಕವಿಗಳಿಗೆ ಇದು ಸಂಪಗೆ. 1753ರಲ್ಲಿ ಲಿನೇಯಸ್ ಇದಕ್ಕೆ ಮೈಕೇಲಿಯ ಚಂಪಕ ಎಂದು ಹೆಸರಿಟ್ಟನು. ಈಗಿನ ಸಸ್ಯಶಾಸ್ತ್ರಜ್ಞರು ಮ್ಯಾಗ್ನೋಲಿಯ ಚಂಪಕ ಎನ್ನುತ್ತಾರೆ. ಹೆಸರು ಯಾವುದಾದರೂ ಇದು ಮಲೆನಾಡಿನಂಥ ನೆಲದ ಮರ. ತರಗೆಲೆ ಕೊಳೆತು ಹದವಾದ, ಸ್ವಲ್ಪ ಹುಳಿಗುಣವುಳ್ಳ, ನೀರು ನಿಲ್ಲದೆ ಇಳಿದುಹೋಗುವ ಮಣ್ಣು ಅದಕ್ಕೆ ಪ್ರಿಯ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸುವ ದೊಡ್ಡಸಂಪಿಗೆಯನ್ನು ಕಂಡವರಿಗೆ, ಒಪ್ಪುವ ನೆಲ ಸಿಕ್ಕಿದರೆ ಈ ಮರ ಎಷ್ಟು ತಲೆಮಾರು ಬಾಳೀತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಊರಿನ ಮನೆಯ ಅಂಗಳವಾದರೋ ಕಾಡಲ್ಲ. ತೊಂದರೆಯ ಬೇರು ಅಲ್ಲೇ ಇದೆ.

ನಮ್ಮ ಮನೆಯ ಸಂಪಿಗೆಯನ್ನು ನೆಟ್ಟವರು ನಮ್ಮ ತಾಯಿ, 1986ರಲ್ಲಿ. ಬೀಜದ ಸಸಿಯಾದ್ದರಿಂದ ಹೂ ಬಿಡಲು ಒಂಬತ್ತು ವರ್ಷ ಹಿಡಿಯಿತು. ಮೊದಲ ಹೂವನ್ನು ದೇವರಿಗೆ ಮುಡಿಸಿ, ಎರಡನೆಯದನ್ನು ಸೊಸೆಯ ಜಡೆಗೆ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2014ರಲ್ಲಿ ಅವರು ತೀರಿಕೊಂಡರು. ಮರುವರ್ಷ ಮನೆಯನ್ನು ರಿಪೇರಿ ಮಾಡಿಸಿದೆವು. ತಾಯಿಯ ನೆನಪಿಗೆಂದು ಮರದ ಸುತ್ತ ಎರಡು ಅಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿಸಿದೆ. ಗಾರೆಯವನು, "ಕೆಡವಿದ ಗೋಡೆಯ ಗಾರೆ, ಸುಣ್ಣ, ಇಟ್ಟಿಗೆಚೂರು ಇಲ್ಲೇ ಬಿದ್ದಿದೆ. ಗಾಡಿಯಲ್ಲಿ ಹೊರಗೆ ಸಾಗಿಸುವುದೇಕೆ? ಕಟ್ಟೆಗೆ ತುಂಬಿ ಮೇಲೆ ಮಣ್ಣು ಹಾಕೋಣ" ಎಂದ. ಒಳ್ಳೆಯ ಮಾತೆಂದು ಒಪ್ಪಿದೆ. ಕೆಸರಾಗಬಾರದೆಂದು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದೆ. ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತಾಗ ತಾಯಿಗೆ ಏನೋ ಸಲ್ಲಿಸಿದಂತೆ ತೃಪ್ತಿಯಾಗುತ್ತಿತ್ತು.

ಮೂರು ವರ್ಷ ಕಳೆದು, 2018ರಲ್ಲಿ, ಎಲೆ ಹಳದಿಯಾಗತೊಡಗಿತು. ಮೊದಲು ಗಮನಿಸಿದವಳು ನನ್ನ ಹೆಂಡತಿ. ನಾನು ದಿನಕ್ಕೆ ನಾಲ್ಕು ಬಿಂದಿಗೆ ಕೊಳವೆಬಾವಿಯ ನೀರು ಹೊಯ್ಯಿಸಿದೆ. ಹಳದಿ ಹೆಚ್ಚಿತು. ಯೂರಿಯಾ ತಂದು ಎರಡು ಬೊಗಸೆ ಹಾಕಿದೆ. ಹದಿನೈದು ದಿನದಲ್ಲಿ ಎಲೆಯ ಅಂಚು ಸುಟ್ಟಂತೆ ಕಂದಾಗಿ ಉದುರತೊಡಗಿತು. ತುದಿಯ ಒಂದು ದೊಡ್ಡ ಕೊಂಬೆ ಬೋಳಾಯಿತು. ನೆರೆಯವರು, "ಮನೆ ಮುಂದೆ ಒಣಮರ ಒಳ್ಳೆಯದಲ್ಲ, ಮೇಷ್ಟ್ರೇ, ತೆಗೆಸಿಬಿಡಿ" ಎಂದರು. ಹೆಂಡತಿ ಮಾತಾಡಲಿಲ್ಲ, ಆದರೆ ಅಂದು ಸಂಜೆ ಕಟ್ಟೆಯ ಬಳಿ ದೀಪ ಹಚ್ಚಿಟ್ಟಳು. ನನಗೆ ಅದು ನೂರು ಮಾತಿಗಿಂತ ಹೆಚ್ಚಾಯಿತು.

ಪುಣ್ಯಕ್ಕೆ ನಮ್ಮ ಬೀದಿಯಲ್ಲಿ ಒಬ್ಬ ಹಳೆಯ ಮಾಲಿ ಇದ್ದರು. ಎಪ್ಪತ್ತು ದಾಟಿದವರು, ಬದುಕೆಲ್ಲ ಉದ್ಯಾನದಲ್ಲಿ ದುಡಿದು ನಿವೃತ್ತರಾದವರು. ಕರೆದುಕೊಂಡು ಬಂದೆ. ಅವರು ಮರವನ್ನು ನೋಡುವ ಮೊದಲು ನನ್ನನ್ನು ನೋಡಿದರು. "ಈ ಮರದ ಸುತ್ತ ಐದಾರು ವರ್ಷದಿಂದ ಏನೇನು ಕೆಲಸ ನಡೆದೈತೆ, ಅದನ್ನ ಹೇಳಿ ಮೇಷ್ಟ್ರೇ. ಎಲೆ ಇವತ್ತು ಹೇಳೋದು ಬೇರಿಗೆ ಅವತ್ತು ಆಗಿದ್ದನ್ನ" ಎಂದರು. ನಾನು ಗಾರೆಯ ಕೆಲಸವನ್ನೆಲ್ಲ ವರದಿ ಒಪ್ಪಿಸಿದೆ. ಅವರು ಕೇಳಿ ತಲೆದೂಗಿ, ನಾಲ್ಕಾರು ಕಡೆಯಿಂದ ಎಲೆ ಕಿತ್ತು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ಮರದ ಪದವಿಭಾಗ ಅಲ್ಲಿಂದ ಆರಂಭವಾಯಿತು.

ಅವರು ತೋರಿಸಿದ ಕ್ರಮವನ್ನು, ಅನಂತರ ನಾನು ತಿಳಿದವರಿಂದ ಕೇಳಿ ಅರಿತದ್ದನ್ನೂ ಸೇರಿಸಿ, ತಮಗೆ ಒಪ್ಪಿಸುತ್ತೇನೆ. ಸಂಪಿಗೆಗೆ ಮಾತ್ರವಲ್ಲ, ಅಂಗಳದ ಯಾವ ಮರಕ್ಕಾದರೂ ಇದು ಸಲ್ಲುತ್ತದೆ.

ಮೊದಲನೆಯ ಪ್ರಶ್ನೆ: ಹಳದಿಯಾಗಿರುವುದು ಹಳೆಯ ಎಲೆಯೋ, ಚಿಗುರೆಲೆಯೋ? ಸಂಪಿಗೆ ನಿತ್ಯಹಸಿರಿನ ಮರವೆಂದರೆ ಎಲೆ ಉದುರುವುದೇ ಇಲ್ಲವೆಂದಲ್ಲ. ಹೊಸ ಚಿಗುರು ಬರುವ ಮುನ್ನ, ಚಳಿಗಾಲ ಮುಗಿಯುವ ಹೊತ್ತಿಗೆ, ಒಳಗಿನ ಮುದಿ ಎಲೆಗಳು ಕೆಲವು ಹಳದಿಯಾಗಿ ಕಳಚುತ್ತವೆ. ಚಿಗುರು ಹಸಿರಾಗಿದ್ದರೆ ಅದು ರೋಗವಲ್ಲ, ಮರದ ಸಹಜಧರ್ಮ, ಗಾಬರಿ ಬೇಡ. ಆದರೆ ಹಳೆಯ ಎಲೆಗಳು ಎಲ್ಲ ಕಡೆಯೂ ಒಂದೇ ಸಮನೆ ಬಿಳಿಚಿಕೊಂಡು, ಬೆಳವಣಿಗೆಯೂ ಕುಗ್ಗಿದ್ದರೆ ಸಾರಜನಕದ ಕೊರತೆಯನ್ನು ಶಂಕಿಸಬಹುದು. ಹಳೆಯ ಎಲೆಯ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಸಿಯಂ ಕೊರತೆ ಇರಬಹುದು. ಇವೆರಡೂ ಗಿಡದೊಳಗೆ ಸಂಚರಿಸಬಲ್ಲ ಪೋಷಕಗಳು. ಮನೆಯಲ್ಲಿ ಅಕ್ಕಿ ಸಾಲದೆ ಬಂದಾಗ ಹಿರಿಯರು ತಮ್ಮ ತುತ್ತನ್ನು ಮಕ್ಕಳ ತಟ್ಟೆಗೆ ಹಾಕುವಂತೆ, ಹಳೆಯ ಎಲೆ ತನ್ನಲ್ಲಿರುವುದನ್ನು ಚಿಗುರಿಗೆ ಕಳುಹಿಸಿ ತಾನು ಹಳದಿಯಾಗುತ್ತದೆ.

ಕಬ್ಬಿಣದ ರೀತಿ ಬೇರೆ. ಎಲೆಯ ಹಸಿರು ತಯಾರಾಗಲು ಅದು ಬೇಕೇ ಬೇಕು. ಆದರೆ ಒಂದು ಎಲೆಯಲ್ಲಿ ನೆಲೆಸಿದ ಮೇಲೆ ಅದು ಸುಲಭವಾಗಿ ಇನ್ನೊಂದಕ್ಕೆ ಹೋಗದು. ಆದ್ದರಿಂದ ಕಬ್ಬಿಣ ಸಿಗದಿದ್ದಾಗ ಹಳೆಯ ಎಲೆ ಹಸಿರಾಗಿಯೇ ಇದ್ದು ಚಿಗುರೆಲೆ ಹಳದಿಯಾಗುತ್ತದೆ. ನರಗಳು ಮಾತ್ರ ಹಸಿರಾಗಿ ಉಳಿದು, ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಕಸೂತಿ ಹಾಕಿದಂತೆ ಕಾಣುತ್ತದೆ. ನಮ್ಮ ಮರದ ಚಿಗುರು ಹಾಗೆಯೇ ಇತ್ತು. ನಾನು ಅಷ್ಟು ದಿನ ಹಳದಿಯನ್ನು ನೋಡಿದ್ದೆ, ನರವನ್ನು ನೋಡಿರಲಿಲ್ಲ.

ಎರಡನೆಯ ಪ್ರಶ್ನೆ: ಇಡೀ ಮರವೋ, ಒಂದೇ ಕೊಂಬೆಯೋ? ಒಂದೇ ಕೊಂಬೆ ಬಾಡಿದರೆ ಆ ಕೊಂಬೆಯನ್ನೇ ಹಿಂಬಾಲಿಸಿ ಬನ್ನಿ. ಬಟ್ಟೆ ಒಣಗಿಸಲು ಬಿಗಿದ ತಂತಿ ತೊಗಟೆಯನ್ನು ಕೊರೆದಿರಬಹುದು. ಕೊರಕ ಹುಳು ಹೊಕ್ಕು ಪುಡಿ ಚೆಲ್ಲಿರಬಹುದು. ಆ ಪಕ್ಕದ ಬೇರು ಯಾವುದೋ ಕೊಳಾಯಿ ಅಗೆತದಲ್ಲಿ ಕಡಿದುಹೋಗಿರಬಹುದು. ಎಲೆಯ ಮೇಲೆ ಮಸಿ ಬಳಿದಂಥ ಕಪ್ಪು, ಜೊತೆಗೆ ಇರುವೆಗಳ ಓಡಾಟ ಕಂಡರೆ ಎಲೆಯ ಅಡಿಯನ್ನೂ ಎಳೆಕಡ್ಡಿಯನ್ನೂ ತಿರುಗಿಸಿ ನೋಡಿ. ರಸ ಹೀರುವ ಶಲ್ಕಕೀಟಗಳು ಸಣ್ಣ ಚಿಪ್ಪುಗಳಂತೆ ಅಂಟಿಕೊಂಡಿರುತ್ತವೆ.

ಮೂರನೆಯದು: ಅಂಚು ಸುಟ್ಟಿದೆಯೇ? ಅಂಚಿನಿಂದ ಒಳಕ್ಕೆ ಕಂದು ಹರಡಿದ್ದರೆ ನೀರಿನ ಬರವೋ, ಉಪ್ಪಿನ ಹೆಚ್ಚಳವೋ, ಗೊಬ್ಬರದ ಅತಿರೇಕವೋ ಕಾರಣವಾಗಿರುತ್ತದೆ. ನಮ್ಮ ಮರದ ಅಂಚು ಸುಟ್ಟದ್ದು ನನ್ನ ಯೂರಿಯಾದಿಂದ. ಮೂಲರೋಗಕ್ಕೆ ನಾನು ನನ್ನ ಚಿಕಿತ್ಸೆಯ ರೋಗವನ್ನು ಸೇರಿಸಿದ್ದೆ. ಪಾಠಾಂತರದ ಮೇಲೆ ಪಾಠಾಂತರ ಬಿದ್ದ ಓಲೆಗರಿಯಂತಾಗಿತ್ತು ಮರದ ಸ್ಥಿತಿ.

ನಾಲ್ಕನೆಯದೇ ಮುಖ್ಯವಾದದ್ದು: ಬುಡ ಹೇಗಿದೆ? ಆರೋಗ್ಯವಾದ ಮರದ ಕಾಂಡ ನೆಲ ಮುಟ್ಟುವಲ್ಲಿ ಆನೆಯ ಪಾದದಂತೆ ಅಗಲವಾಗಿ ಹರಡಿರುತ್ತದೆ. ಹಾಗಲ್ಲದೆ ನೆಟ್ಟ ಕಂಬದಂತೆ ನೇರವಾಗಿ ಮಣ್ಣಿನೊಳಕ್ಕೆ ಇಳಿದಿದ್ದರೆ, ಬುಡದ ಮೇಲೆ ಮಣ್ಣು ಏರಿದೆಯೆಂದೇ ತಿಳಿಯಬೇಕು. ಮಾಲಿಯವರು ಕಟ್ಟೆಯನ್ನು ಬೆರಳಿನಿಂದ ತಟ್ಟಿ, "ಮನುಷ್ಯನ್ನ ಕುತ್ತಿಗೆವರೆಗೆ ಹೂತು, ಊಟ ಮಾಡು ಅಂದಂಗಾಯ್ತು" ಎಂದರು. ಅವರು ಗದರಿಸಿ ಹೇಳಲಿಲ್ಲ. ಆದರೂ ಆ ಮಾತು ನನ್ನೆದೆಗೆ ನಾಟಿತು. ತಾಯಿಯ ನೆನಪಿಗೆಂದು ಕಟ್ಟಿದ ಕಟ್ಟೆಯೇ ತಾಯಿ ನೆಟ್ಟ ಮರದ ಉಸಿರು ಕಟ್ಟಿಸಿತ್ತು.

ಬೇರಿಗೂ ಉಸಿರಾಟವಿದೆ ಎಂಬುದನ್ನು ನಾವು ಮರೆಯುತ್ತೇವೆ. ಮರಕ್ಕೆ ಆಹಾರ ಹೀರಿಕೊಡುವ ಎಳೆಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಒಂದೂವರೆ ಅಡಿಯೊಳಗೇ ಇದ್ದು, ಕೊಂಬೆಗಳ ನೆರಳು ಬೀಳುವಷ್ಟು ದೂರಕ್ಕೂ ಅದರಾಚೆಗೂ ಹಬ್ಬಿರುತ್ತವೆ. ಅವುಗಳ ಮೇಲೆ ಎರಡು ಅಡಿ ಮಣ್ಣು ಹೇರಿ, ಸುತ್ತ ಸಿಮೆಂಟು ಬಳಿದು, ಇರುವ ಸಂದಿನಲ್ಲಿ ದಿನವೂ ನೀರು ತುಂಬಿದರೆ ಮಣ್ಣಿನ ಕಣಗಳ ನಡುವಿನ ಗಾಳಿಯೆಲ್ಲ ಹೊರಟುಹೋಗುತ್ತದೆ. ಗಾಳಿಯಿಲ್ಲದ ಬೇರು ನೀರಿನ ನಡುವೆ ನಿಂತೂ ನೀರು ಹೀರಲಾರದು. ಮೇಲೆ ಎಲೆ ಬಾಡುತ್ತದೆ. ಬಾಡಿತೆಂದು ನಾವು ಇನ್ನಷ್ಟು ನೀರು ಹೊಯ್ಯುತ್ತೇವೆ!

ಅನಂತರ ಮಾಲಿಯವರು ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತರಿಸಿದರು. ಕಟ್ಟೆಯೊಳಗಿನ ಮಣ್ಣನ್ನು ಒಂದು ತಟ್ಟೆಯಲ್ಲಿ ಹರಡಿ ಅದರ ಮೇಲೆ ಹಿಂಡಿದರು. ಸಣ್ಣಗೆ ನೊರೆ ಎದ್ದು ಸುರ್ ಎಂದಿತು. ಮಣ್ಣಿನಲ್ಲಿ ಸುಣ್ಣವಿದೆಯೆಂಬುದಕ್ಕೆ ಅದೇ ಸಾಕ್ಷಿ. ಸುಣ್ಣ, ಸಿಮೆಂಟು, ಗಡಸುನೀರು ಇವೆಲ್ಲ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತವೆ. ಕ್ಷಾರಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಬೇರಿಗೆ ಕರಗಿ ದಕ್ಕುವುದಿಲ್ಲ. ಕಣಜದ ತುಂಬ ಭತ್ತವಿದ್ದು ಬೀಗದ ಕೈ ಕಳೆದುಹೋದ ಮನೆಯಂತೆ. ಖಚಿತವಾಗಿ ತಿಳಿಯಬೇಕೆನ್ನುವವರು ನಾಲ್ಕೈದು ಜಾಗದಿಂದ, ಅರ್ಧದಿಂದ ಮುಕ್ಕಾಲು ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಒಯ್ಯಬಹುದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ರಸಸಾರ 7 ಎಂದರೆ ಸಮ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಏಳೂವರೆ ದಾಟಿದರೆ ಸಂಪಿಗೆಗೆ ಕಷ್ಟ ಶುರುವಾಯಿತೆಂದು ತಿಳಿಯಿರಿ.

ನೀರು ಇಳಿಯುತ್ತದೆಯೇ ಎಂಬುದನ್ನು ತಿಳಿಯುವುದೂ ಸುಲಭ. ದಪ್ಪ ಬೇರಿಲ್ಲದ ಕಡೆ ಒಂದು ಅಡಿ ಆಳದ ಗುಳಿ ತೋಡಿ ನೀರು ತುಂಬಿ; ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಮರುದಿನವೂ ನೀರು ನಿಂತೇ ಇದ್ದರೆ ನೆಲ ಉಸಿರಾಡುತ್ತಿಲ್ಲ.

ಈ ವಿದ್ಯೆ ನಮಗೆ ಹೊಸದೇನಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದವೆಂಬ ಅಧ್ಯಾಯದಲ್ಲಿ ಮರದ ರೋಗಲಕ್ಷಣಗಳನ್ನು ಹೇಳುತ್ತಾನೆ: ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು. ಎಲೆ ಬಿಳಿಚುವುದಕ್ಕೆ ಅವನ ಮಾತು ಪಾಂಡುಪತ್ರತೆ. ಮರಗಳ ನಡುವೆ ಇಪ್ಪತ್ತು ಮೊಳದ ಅಂತರ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠ ಎಂದೂ ಅವನು ಲೆಕ್ಕ ಕೊಟ್ಟಿದ್ದಾನೆ; ಬೇರಿಗೆ ಜಾಗ ಬೇಕೆಂಬುದು ಅವನಿಗೆ ಗೊತ್ತಿತ್ತು. ಕನ್ನಡದಲ್ಲಿಯೇ 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದದ ಭಾಗವಿದೆ. ಇವನ್ನೆಲ್ಲ ನಾನು ಓದಿದ್ದೆ, ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ. ಅಂಗಳದ ಮರದ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. ಪುಸ್ತಕ ಕಪಾಟಿನಲ್ಲಿತ್ತು, ಮರ ಹೊರಗಿತ್ತು. ನಡುವೆ ಬಾಗಿಲು ಹಾಕಿತ್ತು.

ಇನ್ನು ಚಿಕಿತ್ಸೆ. 2019ರ ಮುಂಗಾರು ಹಿಡಿಯುವ ಹೊತ್ತಿಗೆ ಕೆಲಸ ಆರಂಭಿಸಿದೆವು. ಮೊದಲು ಕಟ್ಟೆಯ ಕಲ್ಲು ಕಳಚಿದೆವು. ಮೊದಲ ಕಲ್ಲನ್ನು ನಾನೇ ಎತ್ತಿದೆ. ಬೇರೆಯವರು ಎತ್ತುವುದು ಸರಿಯೆನಿಸಲಿಲ್ಲ. ಒಳಗಿನ ಗಾರೆ, ಇಟ್ಟಿಗೆಚೂರು, ಮಣ್ಣನ್ನು ದೊಡ್ಡ ಗುದ್ದಲಿ ಬೀಸದೆ, ಸಣ್ಣ ಕೈಗುದ್ದಲಿಯಿಂದಲೂ ಬೆರಳಿನಿಂದಲೂ ದಿನಕ್ಕಿಷ್ಟರಂತೆ ಬಿಡಿಸಿ, ಕಾಂಡದ ಬುಡ ಅಗಲವಾಗುವ ಜಾಗ ಕಾಣುವವರೆಗೆ ಹೊರಹಾಕಿದೆವು. ಅಂಗಳದ ಸಿಮೆಂಟನ್ನು ಮೂರು ಕಡೆ, ಕೊಂಬೆಯ ನೆರಳಿನ ಅಳತೆಗೆ, ಒಡೆಸಿದೆವು. ತೆರೆದ ನೆಲಕ್ಕೆ ಚೆನ್ನಾಗಿ ಕೊಳೆತ ಎಲೆಗೊಬ್ಬರವನ್ನು ತೆಳ್ಳಗೆ ಹರಡಿ, ಅದರ ಮೇಲೆ ಎರಡು ಮೂರು ಅಂಗುಲ ತರಗೆಲೆ ಹೊದಿಸಿದೆವು. ಕಾಂಡಕ್ಕೆ ತಾಗದಂತೆ ಸುತ್ತ ಒಂದು ಗೇಣು ಬಿಟ್ಟೆವು. ಒದ್ದೆ ಹೊದಿಕೆ ತೊಗಟೆಗೆ ಒತ್ತಿಕೊಂಡರೆ ತೊಗಟೆ ಕೊಳೆಯುತ್ತದೆ. ಯೂರಿಯಾ ಬಂದ್. ಬೇರು ಚೇತರಿಸಿಕೊಳ್ಳುವ ತನಕ ಗೊಬ್ಬರ ತುಂಬುವುದೆಂದರೆ ಜ್ವರದವನಿಗೆ ಹೋಳಿಗೆ ಬಡಿಸಿದಂತೆ.

ನೀರನ್ನು ಮಳೆಯಿಲ್ಲದ ದಿನಗಳಲ್ಲಿ ಎಂಟು ಹತ್ತು ದಿನಕ್ಕೊಮ್ಮೆ, ಬುಡಕ್ಕಲ್ಲ, ನೆರಳಿನ ಅಂಚಿನ ಸುತ್ತ, ಆಳಕ್ಕೆ ಇಳಿಯುವಂತೆ ಕೊಟ್ಟೆವು. ಕೊಡುವ ಮುನ್ನ ಒಂದು ಬೆರಳುದ್ದ ಮಣ್ಣು ಕೆದಕಿ ನೋಡುವುದು. ತೇವವಿದ್ದರೆ ಬಿಂದಿಗೆ ಕೆಳಗಿಡುವುದು. ಮಾಳಿಗೆಯ ಮಳೆನೀರನ್ನು ಕೊಳವೆಯ ಮೂಲಕ ಅದೇ ನೆಲಕ್ಕೆ ತಿರುಗಿಸಿದೆವು, ಮಳೆನೀರಿನಲ್ಲಿ ಸುಣ್ಣವಿಲ್ಲ.

ಚಿಗುರಿಗೆ ತಾತ್ಕಾಲಿಕ ಉಪಶಮನವಾಗಿ ಅನ್ನಭೇದಿ ಸಿಂಪಡಿಸಿದೆವು. ಒಂದು ಲೀಟರು ನೀರಿಗೆ 5 ಗ್ರಾಂ, ಕೆಲವು ಹನಿ ನಿಂಬೆರಸ. ಆಗಲೇ ಕರಗಿಸಿ, ಸಂಜೆಯ ತಂಪಿನಲ್ಲಿ, ಮೊದಲು ಒಂದು ಕೊಂಬೆಗೆ ಮಾತ್ರ. ಎಲೆ ಸುಡದಿದ್ದರೆ ಕೈಗೆ ಎಟುಕುವ ಉಳಿದ ಕೊಂಬೆಗಳಿಗೆ. ಗೋಡೆಗೆ, ಬಟ್ಟೆಗೆ ಹನಿ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಎಚ್ಚರ. ಕ್ಷಾರಮಣ್ಣಿಗೆ ಅನ್ನಭೇದಿ ಸುರಿದರೆ ಅದೂ ಬೀಗದೊಳಗೇ ಸೇರುತ್ತದೆ. ಮಣ್ಣಿಗೇ ಕೊಡಬೇಕಾದರೆ ಕೀಲೇಟೆಡ್ ಕಬ್ಬಿಣವೆಂದು ಮಾರುವ ಪುಡಿಯಲ್ಲಿ, ಕ್ಷಾರಮಣ್ಣಿಗೆ ಒಪ್ಪುವ ಬಗೆಯನ್ನೇ ಕೇಳಿ ತರಬೇಕು. ಯಾವುದಾದರೂ ಇದು ಬರಿಯ ಉಪಶಮನ. ಗಾರೆ ತೆಗೆಯದೆ ಕಬ್ಬಿಣ ಕೊಟ್ಟು ಫಲವಿಲ್ಲ.

ಬೋಳಾದ ಕೊಂಬೆಯನ್ನು ತಕ್ಷಣ ಕಡಿಯಲು ಮಾಲಿಯವರು ಬಿಡಲಿಲ್ಲ. ಉಗುರಿನಿಂದ ತೊಗಟೆ ಕೆರೆದು ತೋರಿಸಿದರು: ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿ ಒಣಗಿದ್ದರೆ ಇಲ್ಲ. ಮುಂದಿನ ಚಿಗುರಿನವರೆಗೆ ಕಾಯ್ದೆವು. ಆ ಕೊಂಬೆ ಚಿಗುರಲಿಲ್ಲ. ಸತ್ತಷ್ಟನ್ನು ಮಾತ್ರ ತೆಗೆದು ಗಾಯವನ್ನು ಹಾಗೆಯೇ ಬಿಟ್ಟೆವು. ಮೇಲೆ ಬಣ್ಣ ಬಳಿಯುವ ಅಗತ್ಯವಿಲ್ಲವೆಂಬುದೇ ಈಗಿನ ತಿಳಿವಳಿಕೆ.

ಫಲ ಕೂಡಲೆ ಕಾಣಲಿಲ್ಲ. ಮೊದಲ ವರ್ಷ ಹಳದಿ ನಿಂತಿತು, ಅಷ್ಟೇ. ಎರಡನೆಯ ವರ್ಷ ಚಿಗುರು ಎಳೆಹಸಿರಾಗಿ ಬಂತು. 2022ರಲ್ಲಿ ಮತ್ತೆ ಹೂವಾಯಿತು. ಮೊದಲಿನಷ್ಟಲ್ಲ, ದೇವರಿಗೆ ಮತ್ತು ಒಂದು ಜಡೆಗೆ ಸಾಕಾಗುವಷ್ಟು. ಮರ ಮೂರು ವರ್ಷದಲ್ಲಿ ಕಾಯಿಲೆ ಬಿದ್ದಿತ್ತು. ಏಳುವುದಕ್ಕೂ ಅಷ್ಟೇ ಕಾಲ ಕೇಳಿತು. ಹೋದ ಕೊಂಬೆಯ ಜಾಗದಲ್ಲಿ ಇಂದಿಗೂ ಆಕಾಶ ಕಾಣುತ್ತದೆ. ಅಲ್ಲಿ ಕಣ್ಣು ಹೋದಾಗಲೆಲ್ಲ ನನಗೆ ನನ್ನ ಅವಸರ ನೆನಪಾಗುತ್ತದೆ.

ಎಲ್ಲ ಮರವೂ ಉಳಿಯುತ್ತದೆಂದು ನಾನು ಹೇಳಲಾರೆ. ಕಾಂಡ ಟೊಳ್ಳಾಗಿ, ಬೇರು ಕೊಳೆತು, ಮನೆಯ ಮೇಲೆ ಬೀಳುವ ಭಯವಿದ್ದರೆ ತೆಗೆಯಿಸಬೇಕಾದೀತು. ಆಗಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆಂಬುದನ್ನು ಮರೆಯಬೇಡಿ. ಕೊಡಲಿ ಕೊನೆಯ ಮಾತಾಗಿರಲಿ.

ಶ್ರೋತೃಗಳೇ, ನಾಳೆ ಬೆಳಗ್ಗೆ ಅಂಗಳಕ್ಕೆ ಹೋದಾಗ ನಿಮ್ಮ ಮರದ ಒಂದು ಹಳೆಯ ಎಲೆ, ಒಂದು ಹೊಸ ಎಲೆ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಆಮೇಲೆ ಬಗ್ಗಿ ಬುಡ ನೋಡಿ. ಕಾಂಡದ ಪಾದ ಕಾಣುತ್ತಿದೆಯೇ? ಸುತ್ತಲ ನೆಲಕ್ಕೆ ಮಳೆ ಇಳಿಯುತ್ತದೆಯೇ? ಹಿಂದಿನ ಐದು ವರ್ಷದಲ್ಲಿ ನೀವು ಅಲ್ಲಿ ಏನು ಕಟ್ಟಿದಿರಿ, ಏನು ಸುರಿದಿರಿ? ಇವಿಷ್ಟಕ್ಕೆ ಉತ್ತರ ಸಿಕ್ಕಿದ ಮೇಲೆ ನೀರಿನ ಬಿಂದಿಗೆಗೋ ಗೊಬ್ಬರದ ಚೀಲಕ್ಕೋ ಕೈಹಾಕಿ. ಪದ್ಯಕ್ಕಾಗಲಿ ಮರಕ್ಕಾಗಲಿ, ಅನ್ವಯವಾದ ಮೇಲೆಯೇ ತಾತ್ಪರ್ಯ.

ನಮ್ಮ ಮನೆಯಲ್ಲಿ ಈಗ ಕಟ್ಟೆಯಿಲ್ಲ. ಮರದ ಕೆಳಗೆ ತರಗೆಲೆ ಹಾಸಿದ ಬರಿಯ ನೆಲವಿದೆ. ಸಂಜೆ ಕುಳಿತುಕೊಳ್ಳಬೇಕೆನಿಸಿದರೆ ಒಳಗಿನಿಂದ ಒಂದು ಮಣೆ ತಂದು ಹಾಕಿಕೊಳ್ಳುತ್ತೇನೆ. ತಾಯಿ ಇದ್ದಾಗ ಅವರು ಕೂರುತ್ತಿದ್ದುದೂ ಅದೇ ಮಣೆಯ ಮೇಲೆ.